ಒಂದೇ ಬಾಗಿಲು ಎಂಬ ಅಧ್ಯಾಯ

ಅಮ್ಮ ಹೋದ ಮೇಲೆ ದಿನದ ಮೊದಲ ಮಾತು ಆಡುವ ಹೊತ್ತಿಗೆ ಹನ್ನೊಂದು ಗಂಟೆಯಾಗುತ್ತಿತ್ತು. ಸೊಪ್ಪಿನವಳು ಗೇಟಿನ ಮುಂದೆ ಗಾಡಿ ನಿಲ್ಲಿಸಿ ಕೂಗಿದಾಗ "ಒಂದೇ ಕಟ್ಟು ಸಾಕಮ್ಮ" ಅನ್ನಲು ಬಾಯಿ ತೆರೆದರೆ ಗಂಟಲಿನಿಂದ ಗೊರಗೊರ ಸದ್ದಷ್ಟೇ ಬರುತ್ತಿತ್ತು. "ಶೀತ ಆಗೈತಾ ಅಮ್ಮ?" ಎಂದು ಒಂದು ದಿನ ಅವಳೇ ಕೇಳಿದಳು. ಹೌದು ಅಂದೆ. ಶೀತವೇನೂ ಇರಲಿಲ್ಲ. ಹಿಂದಿನ ದಿನದಿಂದ ಯಾರ ಜೊತೆಯೂ ಮಾತಾಡಿರಲಿಲ್ಲ, ಅಷ್ಟೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು. ಮದುವೆಯಾಗಲಿಲ್ಲ. ಅಮ್ಮನ ಮಂಡಿ, ಆಮೇಲೆ ಅಮ್ಮನ ನೆನಪು ಕೈಕೊಟ್ಟಾಗ ಐವತ್ತಕ್ಕೇ ಕೆಲಸ ಬಿಟ್ಟು ಮನೆಯಲ್ಲಿ ಉಳಿದೆ. ಅಗ್ರಹಾರದ ಹಳೆ ಮನೆ ಪಾಲಾದಾಗ ಶ್ರೀರಾಂಪುರದಲ್ಲಿ ಕಟ್ಟಿಸಿಕೊಂಡ ಎರಡು ರೂಮಿನ ಮನೆ ನಮ್ಮದು. ಆರು ವರ್ಷ ಅಮ್ಮನಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ, ಮಿಕ್ಕ ಹೊತ್ತಿನಲ್ಲಿ ಅಗ್ರಹಾರದ ಒಂದು ಪ್ರೆಸ್ಸಿಗೆ ಕರಡು ತಿದ್ದಿಕೊಡುತ್ತಿದ್ದೆ. ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಸ್ತೋತ್ರದ ಪುಸ್ತಕ, ನಿವೃತ್ತರಾದ ಯಾರದೋ ಕವನಗಳು, ಏನು ಬಂದರೂ ಸರಿ. ಅಮ್ಮ ತೀರಿಕೊಂಡ ಮೇಲೂ ಆ ಕೆಲಸ ಉಳಿಯಿತು. ಉಳಿದದ್ದು ಅದೊಂದೇ.

ಅಮ್ಮ ಹೋಗಿ ನಾಲ್ಕು ತಿಂಗಳಾಗಿರಬೇಕು. ಪ್ರೆಸ್ಸಿನ ಯಜಮಾನರು ಫೋನ್ ಮಾಡಿದರು. "ಮೇಡಂ, ಒಬ್ಬರು ಪುಸ್ತಕ ಬರ್ಕೊಂಡು ಬಂದಿದಾರೆ. ಧಾರ್ಮಿಕ. ಆದ್ರೆ ನಮ್ಮ ಕಡೇದಲ್ಲ, ಯೇಸು ಪುಸ್ತಕ. ನಿಮಗೇನೂ ಅಭ್ಯಂತರ ಇಲ್ಲ ತಾನೆ?"

"ಕಾಗುಣಿತಕ್ಕೆ ಯಾವ ಕಡೆ? ಕಳಿಸಿ" ಅಂದೆ.

ಮಂಗಳವಾರ ಸಂಜೆ ನಾಲ್ಕಕ್ಕೆ ಅವರು ಬಂದರು. ಅರವತ್ತು ದಾಟಿದ ಮನುಷ್ಯ. ಕತ್ತಿನವರೆಗೂ ಗುಂಡಿ ಹಾಕಿದ ಬಿಳಿ ಶರಟು, ಕೈಯಲ್ಲಿ ರೆಕ್ಸಿನ್ ಚೀಲ. ಎಡಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಚಪ್ಪಲಿಯನ್ನು ಬಾಗಿಲಲ್ಲಿ ಬಿಡದೆ ಗೇಟಿನ ಹತ್ತಿರವೇ ಬಿಟ್ಟು ಬಂದರು. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರಂತೆ. ಎರಡು ಬಸ್ಸು ಹಿಡಿದು ಬಂದಿದ್ದರು. ಚೀಲದಿಂದ ಎರಡು ಉದ್ದನೆ ನೋಟ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟು, "ನಾನು ಓದಿರೋದು ಏಳ್ನೇ ಕ್ಲಾಸು ಮೇಡಂ. ತಪ್ಪಿದ್ರೆ ನಗ್ಬೇಡಿ" ಅಂದರು.

"ಬಿಟ್ಟು ಹೋಗಿ. ತಿದ್ದಿ ಪ್ರೆಸ್ಸಿಗೇ ಕಳಿಸ್ತೀನಿ."

"ಕಳ್ಸಿಬುಟ್ರೆ ನಂಗೆ ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗಲ್ವಲ್ಲ. ನೀವು ತಿದ್ದೋವಾಗ ನಾನು ಕೂತಿರ್ಲಾ? ತೊಂದ್ರೆ ಕೊಡಲ್ಲ."

ಹೀಗೆ ಮಂಗಳವಾರಗಳು ಶುರುವಾದವು. ಅವರ ಬರವಣಿಗೆಯಲ್ಲಿ ಹಕಾರ ಇರಬೇಕಾದ ಕಡೆ ಇರುತ್ತಿರಲಿಲ್ಲ, ಬೇಡದ ಕಡೆ ಬಂದು ಕೂತಿರುತ್ತಿತ್ತು. 'ಹೊರಗೆ' ಅನ್ನುವುದು 'ಒರಗೆ' ಆಗಿತ್ತು, 'ಆತ್ಮ' ಅನ್ನುವುದು 'ಹಾತ್ಮ' ಆಗಿತ್ತು. ನಾನು ಪೆನ್ಸಿಲಿನಲ್ಲಿ ಸುತ್ತು ಹಾಕಿದಾಗಲೆಲ್ಲ ಅವರು ಬಗ್ಗಿ ನೋಡಿ, ತುಟಿಯಲ್ಲೇ ಎರಡು ಸಲ ಹೇಳಿಕೊಳ್ಳುತ್ತಿದ್ದರು. "ಫ್ಯಾಕ್ಟ್ರೀಲಿ ಕೂದ್ಲೆಳೆಯಷ್ಟು ಎಚ್ಚುಕಮ್ಮಿ ಆದ್ರೂ ಪೀಸು ರಿಜೆಕ್ಟು ಮೇಡಂ. ಅಕ್ಸರಾನೂ ಅಂಗೇ ಅಂತ ಈಗ ಗೊತ್ತಾಯ್ತು" ಎಂದು ಒಂದು ದಿನ ಸಂತೋಷದಿಂದಲೇ ಹೇಳಿದರು.

ಪುಸ್ತಕ ಅವರದೇ ಬದುಕಿನ ಸಾಕ್ಷಿ. ಹೊಲ ಮಾರಿ ಕಾರ್ಖಾನೆ ಸೇರಿದ್ದು, ಬೆರಳು ಹೋದದ್ದು, ಹೆಂಡ ಹಿಡಿದದ್ದು ಎಲ್ಲ ಇತ್ತು. ಮೂರನೇ ಅಧ್ಯಾಯದಲ್ಲಿ ತಾಯಿ ಸತ್ತ ವಿಷಯ ಬರೆದಿದ್ದರು. ಮಣ್ಣು ಹಾಕಬೇಕಾದ ಹಿರಿಮಗ ಆ ದಿನ ಪ್ರಜ್ಞೆಯಿಲ್ಲದೆ ಕುಡಿದು ಮಲಗಿದ್ದ. ತಮ್ಮಂದಿರು ಸಿಟ್ಟಿನಲ್ಲಿ ಊರು ಬಿಟ್ಟರು, ತಿಥಿಯನ್ನೂ ಯಾರೂ ಮಾಡಲಿಲ್ಲ. ಆಮೇಲೆ ಜೊತೆಗೆ ಕೆಲಸ ಮಾಡುವವರೊಬ್ಬರು ಕೈಹಿಡಿದು ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದರು, ಕುಡಿತ ಬಿಟ್ಟಿತು. ಇಷ್ಟನ್ನು ಅವರು ಬರೆದದ್ದು ಬಹಳ ಸರಳವಾದ ಕನ್ನಡದಲ್ಲಿ. ಕವನ ಬರೆಯುವ ನಿವೃತ್ತರಿಗಿಂತ ಚೆನ್ನಾಗಿ ಬರೆಯುತ್ತಾರೆ ಅನ್ನಿಸಿತು. ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ಮನೆ ಗುಡಿಸುವಾಗ ಮೂಲೆಮೂಲೆಗೂ ಪೊರಕೆ ಹೋಗುತ್ತದೆ ಎಂಬುದನ್ನು ಕೆಲವು ವಾರ ಕಳೆದ ಮೇಲೆ ಗಮನಿಸಿದೆ. ಸಂಜೆ ಕಾಫಿಯ ಜೊತೆ ಏನಾದರೂ ಮಾಡಿರುತ್ತಿದ್ದೆ. ಅವರು ತಮ್ಮ ಮನೆಯ ನುಗ್ಗೇಕಾಯಿ ತರುತ್ತಿದ್ದರು. ಒಂದು ಸಲ ಹಬ್ಬದ ಮಾರನೇ ದಿನ ಕಡುಬು ಕೊಟ್ಟೆ. ಅವರು ತಟ್ಟೆ ಹಿಡಿದುಕೊಂಡೇ ಕೇಳಿದರು, "ಇದು ದೇವ್ರಿಗೆ ಇಟ್ಟಿದ್ದಾ ಮೇಡಂ?"

"ಹೌದು, ನಿನ್ನೆ ನೈವೇದ್ಯಕ್ಕೆ ಮಾಡಿದ್ದು."

"ಅಂಗಾದ್ರೆ ಬೇಡಿ. ನೀವು ಬೇಜಾರು ಮಾಡ್ಕೋಬಾರ್ದು."

ಬೇಜಾರಾಯಿತು. ಅವರು ಹೋದ ಮೇಲೆ ಆ ಕಡುಬನ್ನು ನಾನೇ ತಿಂದೆ. ಆದರೂ ಮುಂದಿನ ವಾರಕ್ಕೆ ಒಂದು ಉಪಾಯ ಹುಡುಕಿದೆ. ದೇವರಿಗೆ ಇಡುವ ಮೊದಲೇ ಅವರ ಪಾಲು ತೆಗೆದಿಟ್ಟರೆ ಮಿಕ್ಕದ್ದು ನೈವೇದ್ಯಕ್ಕೆ ಬಾರದು ಎಂದು ಅಮ್ಮ ಕಲಿಸಿದ್ದಳು. ಇಟ್ಟ ಮೇಲೆ ಅವರಿಗೆ ಬಾರದು. ಹೀಗಾಗಿ ಎರಡು ಪಾತ್ರೆಯಲ್ಲಿ ಎರಡು ಸಲ ಮಾಡತೊಡಗಿದೆ. ಒಬ್ಬಳೇ ಹೆಂಗಸಿನ ಮನೆಯಲ್ಲಿ ಮಂಗಳವಾರ ಎರಡೆರಡು ಅಡುಗೆ. ನನಗೆ ಅದರಲ್ಲಿ ಶ್ರಮ ಅನ್ನಿಸಲಿಲ್ಲ. ದೀಪ ಹಚ್ಚುವುದು, ನೈವೇದ್ಯ ಇಡುವುದು ನನಗೆ ಅಮ್ಮನಿಂದ ಬಂದ ಅಭ್ಯಾಸ. ನಂಬಿಕೆಯೇ ಅಂತ ಯಾರಾದರೂ ಕೇಳಿದ್ದರೆ ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತಿತ್ತು. ಯಾರೂ ಕೇಳಿರಲಿಲ್ಲ.

ಅಂಥ ಒಂದು ಮಂಗಳವಾರ ಅವರು ಕೂತಿರುವಾಗಲೇ ನನ್ನ ಸೋದರಮಾವ ಬಂದರು. ಮಾವ ಗೋಕುಲಂನಲ್ಲಿದ್ದಾರೆ, ಬ್ಯಾಂಕಿನಿಂದ ನಿವೃತ್ತರು. ಮಹಡಿಯ ಕೋಣೆಗಳನ್ನು ಯೋಗ ಕಲಿಯಲು ಬರುವ ವಿದೇಶದವರಿಗೆ ಬಾಡಿಗೆಗೆ ಕೊಟ್ಟು, ಸಂಜೆ ಹೊತ್ತು ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಎಲ್ಲ ಧರ್ಮಗಳ ಸಾರ ಒಂದೇ ಎಂದು ವಿವರಿಸುವುದು ಅವರ ಬಹು ದಿನದ ರೂಢಿ. ಪುಸ್ತಕ ಯಾವುದೆಂದು ನಾನು ಹೇಳಿದ ಕೂಡಲೇ ಮಾವನ ಮುಖ ಅರಳಿತು.

"ನೀವು ಹೇಳೋದೂ ನಾವು ಹೇಳೋದೂ ಒಂದೇ ಸ್ವಾಮಿ. ಹೆಸರು ಬೇರೆ, ಅಷ್ಟೆ" ಅಂದರು.

ಪುಸ್ತಕ ಬರೆದವರು ಕಾಫಿ ಲೋಟ ಕೆಳಗಿಟ್ಟರು. "ಇಲ್ಲ ಸಾರ್. ಒಂದೇ ಅಲ್ಲ."

"ಅಲ್ಲ, ತಾತ್ಪರ್ಯ ಒಂದೇ ಅಂತ."

"ಒಂದೇ ಆಗಿದ್ರೆ ನಾನ್ಯಾಕೆ ಸಾರ್ ಇಷ್ಟು ಕಷ್ಟಬಿದ್ದು ಬುಟ್ಟು ಬರ್ಬೇಕಾಗಿತ್ತು? ನನ್ ತಮ್ಮಂದಿರು ಇವತ್ಗೂ ಮನೆ ಒಳಿಕ್ಕೆ ಸೇರಿಸ್ತಿಲ್ಲ. ಒಂದೇ ಅನ್ನಂಗಿದ್ರೆ ಅಲ್ಲೇ ಇದ್ಬುಡ್ತಿದ್ದೆ." ಜಗಳದ ಧ್ವನಿಯೇ ಅಲ್ಲ. ಅಳತೆ ಸರಿಯಿಲ್ಲ ಅನ್ನುವಾಗ ಕಾರ್ಖಾನೆಯಲ್ಲಿ ಹೇಗೆ ಹೇಳುತ್ತಿದ್ದರೋ ಹಾಗೆ.

ಮಾವ ನಕ್ಕರು. ಜಗಲಿಯಲ್ಲಿ ವಿದೇಶದವರಿಗೆ ನಗುವ ಅದೇ ನಗು. ಆಮೇಲೆ ಇಡೀ ಸಂಜೆಯಲ್ಲಿ ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದರು: "ಮೊದಲು ನಿಮ್ಮದು ಯಾವ ಜನ?" ಅವರು ಹೇಳಿದರು. "ಓಹೋ" ಅಂದರು ಮಾವ.

ಅವರು ಬಸ್ಸಿಗೆ ಹೋದ ಮೇಲೆ ಮಾವ ಅಮ್ಮನ ಬೆತ್ತದ ಕುರ್ಚಿಯಲ್ಲಿ ಕೂತು, "ಪಾಪ, ಅವರಿಗೆ ಆ ಮಟ್ಟಕ್ಕೆ ಅರ್ಥ ಆಗೋದೇ ಅಷ್ಟು. ಮೇಲಿಂದ ನೋಡಿದ್ರೆ ಎಲ್ಲ ಒಂದೇ ಕಣೇ" ಅಂದರು.

ಆ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಟೀಚರಾಗಿ ನಾನೇ ಎಷ್ಟು ಸಲ ಹೇಳಿದ್ದೆ, ಶಾಲೆಯ ಪ್ರಾರ್ಥನೆಯ ಸಾಲಿನ ಮುಂದೆ ನಿಂತು. 'ಮೇಲಿಂದ' ಅನ್ನುವ ಪದ ಅದರಲ್ಲಿದೆ ಎಂದು ಮೊದಲ ಸಲ ಕಿವಿಗೆ ಬಿತ್ತು. ಮೇಲೆ ನಿಂತಿರುವುದು ನಾವು. ಕೆಳಗಿರುವವರು ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ, ಅವರು ಹೇಳುವುದೂ ನಮ್ಮದೇ ಮಾತು ಎಂದು ಮೊದಲೇ ತೀರ್ಮಾನವಾಗಿದೆ. ಮಾವನಿಗೆ ಇದನ್ನು ಹೇಳಬೇಕೆನ್ನಿಸಿತು. ಅವರು ಬೇಗ ಹೊರಟರು, ನಾನೂ ತಡೆಯಲಿಲ್ಲ.

ಎಂಟನೇ ಅಧ್ಯಾಯದ ಹೆಸರು 'ಒಂದೇ ಬಾಗಿಲು'. ಅಲ್ಲಿಯವರೆಗೆ ಅವರ ಬದುಕಿನ ಕತೆ, ಇಲ್ಲಿಂದ ಬೋಧನೆ. ಬಾಗಿಲು ಒಂದೇ, ಕರ್ತನಾದ ಯೇಸುವೇ ಆ ಬಾಗಿಲು, ಬದುಕಿರುವಾಗ ಅದರಲ್ಲಿ ಒಳಗೆ ಬಾರದವರು ಹೊರಗೇ ಉಳಿಯುತ್ತಾರೆ, ಸತ್ತ ಮೇಲೆ ಅದು ತೆರೆಯುವುದಿಲ್ಲ ಎಂದು ಬರೆದಿದ್ದರು. ಒಳ್ಳೆಯತನ, ದಾನ, ಪೂಜೆ ಯಾವುದೂ ಆ ಬಾಗಿಲಾಗಲಾರದು. ನಾನು ಮೊದಲ ಪುಟದಲ್ಲಿ ಏಳು ಹಕಾರ ಸೇರಿಸಿದೆ. ಎರಡನೇ ಪುಟದಲ್ಲಿ ಒಂದು ವಿಭಕ್ತಿ ತಿದ್ದಿದೆ. 'ಹೊರಗೇ ಉಳಿಯುತ್ತಾರೆ' ಎನ್ನುವಲ್ಲಿ ಏಕಾರ ಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಪೆನ್ಸಿಲು ನಿಂತಿತು.

ಗೋಡೆಯ ಮೇಲೆ ಅಮ್ಮನ ಫೋಟೋ ಇತ್ತು, ಕೆಳಗೆ ಹೆಸರು ಬರೆಸಿದ್ದೆ. ಅದನ್ನು ತೋರಿಸಿ ಕೇಳಿದೆ. "ಅವರು ನಮ್ಮಮ್ಮ. ನಿಮ್ಮ ಈ ಅಧ್ಯಾಯದ ಪ್ರಕಾರ ಅವರು ಈಗ ಎಲ್ಲಿದಾರೆ?"

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು. "ಅದ್ನ ಕೇಳ್ಬೇಡಿ ಮೇಡಂ."

"ಬರೆದಿದೀರಲ್ಲ. ಅರ್ಥ ಗೊತ್ತಿಲ್ಲದೆ ನಾನು ಹೇಗೆ ತಿದ್ದಲಿ?"

"ನೀರು ಕೊಡ್ತೀರಾ?" ಅಂದರು. ತಂದುಕೊಟ್ಟೆ. ಪೂರ್ತಿ ಕುಡಿದರು. ನಾನು ನಿಂತೇ ಇದ್ದೆ.

"ಕುಡೀತಿದ್ದ ಕಾಲದಲ್ಲಿ ಬಾಯಿ ಬುಟ್ರೆ ಸುಳ್ಳೇ ಏಳ್ತಿದ್ದೆ. ಎಂಡ್ತಿಗೆ ಸುಳ್ಳು, ಸೂಪರ್‌ವೈಸರ್‌ಗೆ ಸುಳ್ಳು. ಈಗ ಅದು ಬುಟ್ಬುಟ್ಟಿದೀನಿ. ನಿಮ್ ಮುಂದೆ ಎಂಗೆ ಏಳ್ಲಿ?"

"ಹಾಗಾದ್ರೆ ನಿಜಾನೇ ಹೇಳಿ."

"ಒಳಗಿಲ್ಲ ಕಣಮ್ಮ" ಅಂದರು. ಅದುವರೆಗೂ ಮೇಡಂ ಅನ್ನುತ್ತಿದ್ದವರು ಆಗ ಮೊದಲ ಸಲ ಅಮ್ಮ ಅಂದರು.

ಅವರು ಮಾವನ ಹಾಗೆ ಜಾರಿಕೊಳ್ಳುತ್ತಾರೆ, ದೇವರಿಗೇ ಗೊತ್ತು ಅನ್ನುತ್ತಾರೆ ಎಂದು ನಾನು ಕಾದಿದ್ದೆ ಅಂತ ಕಾಣುತ್ತದೆ. "ನಮ್ಮಮ್ಮ ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ" ಅಂದೆ. ಅದು ನಿಜವೂ ಅಲ್ಲ. ಅಮ್ಮನ ನಾಲಗೆ ಹರಿತವಾಗಿತ್ತು, ಕೊನೆಯ ವರ್ಷಗಳಲ್ಲಿ ನನ್ನನ್ನೇ ಯಾರೋ ಕಳ್ಳಿ ಎಂದು ಬಯ್ಯುತ್ತಿದ್ದಳು.

"ಒಳ್ಳೇರು ಕೆಟ್ಟೋರು ಅನ್ನೋದಲ್ಲ ಅಮ್ಮ ಅದು."

"ಸಾಕು. ಮುಂದಿನ ವಾರ ಬರಬೇಡಿ. ತಿದ್ದಿದ್ದನ್ನ ಪ್ರೆಸ್ಸಿಗೇ ಕೊಡ್ತೀನಿ."

ಅವರು ಚೀಲ ತೆಗೆದುಕೊಂಡು ಎದ್ದರು. ಅವರಿಗೆಂದು ಬೇರೆ ಪಾತ್ರೆಯಲ್ಲಿ ಮಾಡಿದ್ದ ಉಪ್ಪಿಟ್ಟು ಮೇಜಿನ ಮೇಲೆ ಹಾಗೇ ಇತ್ತು. ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನನ್ನ ಕಡೆ ತಿರುಗದೆ, "ನಮ್ಮವ್ವನೂ ಅಲ್ಲೇ ಅವ್ಳೆ ಕಣಮ್ಮ" ಅಂದರು. "ನಾನು ಪ್ರಾರ್ಥನೆಗೆ ಓಗಕ್ಕೆ ಸುರು ಮಾಡೋ ಎಂಟು ತಿಂಗ್ಳು ಮುಂಚೆ ಓಗ್ಬುಟ್ಲು. ಎಂಟೇ ತಿಂಗ್ಳು."

ಅವರು ಗೇಟು ಹಾಕಿಕೊಂಡು ಹೋದರು.

ಆಮೇಲಿನ ವಾರಗಳನ್ನು ನೆನೆದರೆ ಮನೆಯ ಶಬ್ದಗಳಷ್ಟೇ ನೆನಪಾಗುತ್ತವೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು, ಕಲ್ಲು ಕೊಯ್ಯುವ ಸದ್ದು ಇಡೀ ದಿನ. ಅದು ನಿಂತರೆ ಫ್ರಿಜ್ಜಿನ ಸದ್ದು. ಮಂಗಳವಾರ ಒಂದೇ ಅಡುಗೆ ಮಾಡಿ, ದೇವರಿಗಿಟ್ಟು, ತಿಂದು, ತಟ್ಟೆ ತೊಳೆದಿಟ್ಟರೆ ಇನ್ನೂ ಮಧ್ಯಾಹ್ನ ಒಂದೂವರೆ. ನಾಲ್ಕು ಗಂಟೆಗೆ ಬಸ್ಸಿನ ಸದ್ದು ಕೇಳಿದರೆ ಮೈ ನೆಟ್ಟಗಾಗುತ್ತಿತ್ತು. ನನಗೆ ಸಿಟ್ಟಿತ್ತು. ಸಿಟ್ಟಿದ್ದರೂ ಕಾಯುತ್ತಿದ್ದೆ. ಅಮ್ಮನ ಫೋಟೋದ ಮುಂದೆ ನಿಂತು, ಯಾರೋ ಏನೋ ಅಂದರೆ ನೀನು ಅಲ್ಲಿಗೆ ಹೋಗಿಬಿಡುತ್ತೀಯಾ ಎಂದು ಗಟ್ಟಿಯಾಗಿ ಹೇಳಿಕೊಂಡೆ. ಹೇಳಿದ ಮೇಲೆ, ಹಾಗಾದರೆ ನೀನು ಎಲ್ಲಿದ್ದೀಯ ಅನ್ನುವ ಪ್ರಶ್ನೆ ಕೋಣೆಯಲ್ಲಿ ಉಳಿಯಿತು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರವಿದ್ದವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಆಗ ಹನ್ನೆರಡನೇ ದಿನ ನೆನಪಾಯಿತು. ಗಂಡುಮಕ್ಕಳಿಲ್ಲದ್ದರಿಂದ ಮಾವನೇ ಅಮ್ಮನ ಕರ್ಮ ಮಾಡಿದ್ದರು. ನಾನು ಬಾಗಿಲ ಪಕ್ಕ ಕೂತಿದ್ದೆ. ಪುರೋಹಿತರು ಮೂರು ಪಿಂಡಗಳ ಜೊತೆ ಅಮ್ಮನ ಪಿಂಡವನ್ನು ಮಾವನ ಕೈಲಿ ಸೇರಿಸಿ, "ಇವತ್ತಿಗೆ ನಿಮ್ಮ ತಾಯಿ ಪಿತೃಗಳ ಜೊತೆ ಸೇರಿದ್ರು. ಇನ್ನು ಚಿಂತೆಯಿಲ್ಲ" ಅಂದಿದ್ದರು. ಯಾರೋ ನೆಂಟರು ಕೇಳಿದರು, "ಇದನ್ನ ಮಾಡದಿದ್ರೆ?" ಪುರೋಹಿತರು ದರ್ಭೆ ಮಡಚುತ್ತಾ ಹೇಳಿದ್ದರು, "ಮಾಡದಿದ್ರೆ ದಾರಿ ಇಲ್ಲ. ಜೀವ ಹಸಿವು ಬಾಯಾರಿಕೆಯಲ್ಲಿ ಅಲೀತಾ ಇರುತ್ತೆ."

ಆ ದಿನ ನಾನು ಆ ಮಾತನ್ನು ಸಮಾಧಾನದಿಂದ ಕೇಳಿಸಿಕೊಂಡಿದ್ದೆ. ಅಮ್ಮ ಒಳಗೆ ಸೇರಿದಳಲ್ಲ. ಹೊರಗೆ ಯಾರಿದ್ದಾರೆಂದು ಯೋಚಿಸಿರಲಿಲ್ಲ. ಈಗ ಹೂಟಗಳ್ಳಿಯ ಆ ತಾಯಿ ನೆನಪಾದಳು. ಹಿರಿಮಗ ಕುಡಿದು ಮಲಗಿದ್ದ, ತಿಥಿಯಾಗಲಿಲ್ಲ. ನಮ್ಮ ಪುರೋಹಿತರ ಪ್ರಕಾರ ಅವಳು ಹೊರಗೆ. ಮಗನ ಪುಸ್ತಕದ ಪ್ರಕಾರವೂ ಹೊರಗೆ. ಅವಳಿಗೆ ಒಳಗೆ ಜಾಗ ಕೊಟ್ಟವರು ಯಾರೂ ಇಲ್ಲ. ನಾನು ಅವರನ್ನು ಕೇಳಿದ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರನ್ನೂ ಯಾವತ್ತೂ ಕೇಳಿರಲಿಲ್ಲ.

ಮಾವನಿಗೆ ಫೋನ್ ಮಾಡಿದೆ. "ಮಾವ, ಎಲ್ಲ ಒಂದೇ ಅಂತೀರಲ್ಲ, ಅಮ್ಮನ ಹನ್ನೆರಡನೇ ದಿನದ್ದು ಬಿಡಬಹುದಾಗಿತ್ತಾ?"

"ಅದು ಬೇರೆ ವಿಷಯ ಕಣೇ."

"ವರ್ಷಾಬ್ದಿಕಕ್ಕೆ ಬಿಟ್ಟುಬಿಡೋಣವಾ ಹಾಗಾದ್ರೆ?"

"ಶಾಂತಂ ಪಾಪಂ. ನಿನಗೆ ಒಬ್ಬಳೇ ಇದ್ದು ಇದ್ದು ಏನೇನೋ ಯೋಚನೆ ಬರ್ತಾ ಇದೆ. ಒಂದು ವಾರ ಇಲ್ಲಿಗೆ ಬಂದಿರು" ಅಂದರು. ಮಾವ ನಿಜವಾಗಿಯೂ ಅಕ್ಕರೆಯಿಂದಲೇ ಹೇಳಿದ್ದು. ನಾನು ಹೋಗಲಿಲ್ಲ.

ಎಂಟನೇ ಅಧ್ಯಾಯವನ್ನು ಅರ್ಧಕ್ಕೇ ಬಿಟ್ಟು, ಮಿಕ್ಕದ್ದನ್ನು ತಿದ್ದಿ ನಾನು ಆಗಲೇ ಪ್ರೆಸ್ಸಿಗೆ ಕಳಿಸಿದ್ದೆ. ಅದೇ ವಾರ ಪ್ರೆಸ್ಸಿನವರು ಫೋನ್ ಮಾಡಿದರು. "ಮೇಡಂ, ಎಂಟನೇ ಅಧ್ಯಾಯ ಪೂರ್ತಿ ತೆಗೆದುಬಿಡಿ ಅಂತಿದಾರೆ ಅವರು. ಕಂಪೋಸ್ ಎಲ್ಲ ಮುಗಿದಿದೆ. ಪುಟದ ನಂಬರೆಲ್ಲ ಬದಲಾಗುತ್ತೆ. ಕೇಳಿದ್ರೆ ಕಾರಣ ಹೇಳ್ತಿಲ್ಲ."

ಕಾರಣ ನನಗೆ ಗೊತ್ತಿತ್ತು. ಸಂತೋಷವಾಗಬೇಕಾಗಿತ್ತು, ಆಗಲಿಲ್ಲ. ಆ ರೀತಿ ತೆಗೆದುಹಾಕಿದರೆ ಅವರೂ ಮಾವನ ಹಾಗೆ ನನ್ನ ಮುಂದೆ ನಗುತ್ತಾ ಕೂತಂತೆ ಅನ್ನಿಸಿತು. ಆ ಅಧ್ಯಾಯದ ಕರಡು ತರಿಸಿಕೊಂಡೆ. ಒಂದು ಬೆಳಿಗ್ಗೆ ಕೂತು ಮೊದಲಿನಿಂದ ಕೊನೆಯವರೆಗೆ ತಿದ್ದಿದೆ. 'ಹೊರಗೇ' ಅನ್ನುವಲ್ಲಿ ಏಕಾರವನ್ನು ಹಾಗೇ ಬಿಟ್ಟೆ. ಅವರು ಹೇಳಬೇಕೆಂದಿದ್ದು ಅದೇ. ಆಮೇಲೆ ಪ್ರೆಸ್ಸಿನವರಿಂದ ಅವರ ವಿಳಾಸ ಕೇಳಿಕೊಂಡು, ಸೀರೆ ಬದಲಾಯಿಸಿ, ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ ಹೂಟಗಳ್ಳಿ ಬಸ್ಸು ಹತ್ತಿದೆ.

ಕಾರ್ಖಾನೆಯ ಕಾಂಪೌಂಡಿನ ಹಿಂದಿನ ಬೀದಿ, ಶೀಟಿನ ಮನೆ, ಮುಂದೆ ನುಗ್ಗೆಮರ. ಅವರ ಹೆಂಡತಿ ಬಾಗಿಲು ತೆರೆದರು. ಸಣ್ಣ ಆಳು, ಕೈಯೆಲ್ಲ ರಾಗಿ ಹಿಟ್ಟು. "ಬನ್ನಿ ಬನ್ನಿ, ಪುಸ್ತಕ ತಿದ್ದೋ ಮೇಡಮ್ಮೋರು ಅಲ್ವಾ? ಅವ್ರು ಆಸ್ಪತ್ರೆಗೆ ಓಗವ್ರೆ, ಯಾರೋ ಸೀಕಾಗಿರೋರ್ನ ನೋಡಕ್ಕೆ. ಈಗ ಬತ್ತಾರೆ, ಕೂತ್ಕಳಿ" ಎಂದು ಕುರ್ಚಿಯ ಮೇಲಿದ್ದ ಬಟ್ಟೆ ಸರಿಸಿದರು.

ಆಮೇಲೆ ನನ್ನ ಮುಖವನ್ನೇ ನೋಡುತ್ತಾ, ಒಂದು ಹೆಸರು ಹೇಳಿದರು. "ಅದು ನಿಮ್ಮಮ್ಮನ ಎಸ್ರು ಅಲ್ವಾ?"

ಅಮ್ಮನ ಹೆಸರು. ಪುರೋಹಿತರ ಮಂತ್ರದಲ್ಲಿ ಬಿಟ್ಟರೆ ಅಮ್ಮ ಹೋದ ಮೇಲೆ ಆ ಹೆಸರನ್ನು ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ. "ನಿಮಗೆ ಹೇಗೆ ಗೊತ್ತು?" ಅಂದೆ.

"ಅವ್ರು ಬೆಳಗಿನ ಜಾವ ಎದ್ದು ಪ್ರಾರ್ಥನೆಗೆ ಕೂತ್ಕತಾರೆ. ಅದೇನ್ ಒಸ್ದಲ್ಲ. ಅವ್ರವ್ವನ ಎಸ್ರು ಏಳ್ಕೊಂಡು ಅಳ್ತಾರೆ. ಈಗ ಒಂದೂವರೆ ತಿಂಗ್ಳಿಂದ ನಿಮ್ಮಮ್ಮನ ಎಸ್ರೂ ಸೇರ್ಕೊಂಡದೆ." ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಮ್ ಸಭೇಲಿ ಸತ್ತೋರಿಗೆ ಪ್ರಾರ್ಥನೆ ಮಾಡಂಗಿಲ್ಲ ಕಣಮ್ಮ. ಮುಗೀತು ಅಂದ್ರೆ ಮುಗೀತು. ಪಾಸ್ಟರಿಗೆ ಗೊತ್ತಾದ್ರೆ ಬೈತಾರೆ. ಇಪ್ಪತ್ತು ವರ್ಸದಿಂದ ಕದ್ದು ಮಾಡ್ತಾವ್ರೆ ಇವ್ರು. ನಾನ್ ಏಳ್ದೆ ಅನ್ಬೇಡಿ."

ಅವರು ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ನಾನು ಕರಡನ್ನು ಮುಂದೆ ಹಿಡಿದೆ.

"ಎಂಟನೇ ಅಧ್ಯಾಯ. ತಿದ್ದಿ ತಂದಿದೀನಿ. ತೆಗೀಬೇಡಿ."

"ತೆಗ್ದಾಕಿದ್ರೆ ನಿಜ ಸುಳ್ಳಾಗಲ್ಲ ಅಂತ ನಂಗೂ ಗೊತ್ತು" ಅಂದರು. "ಆದ್ರೆ ಅದ್ನ ನಿಮ್ ಕೈಲಿ ತಿದ್ದಿಸ್ಬಾರ್ದಾಗಿತ್ತು. ತಾಯಿ ಓಗಿರೋ ಮನೇಲಿ."

"ನೀವು ನಂಬೋದನ್ನ ನನಗೋಸ್ಕರ ಬಚ್ಚಿಟ್ಟರೆ ನನಗೆ ಅದೂ ಬೇಡ. ಆದರೆ ನಾನು ಇದನ್ನ ಒಪ್ಪಲ್ಲ."

"ಗೊತ್ತು."

"ಯಾವತ್ತೂ ಒಪ್ಪಲ್ಲ."

"ಅದೂ ಗೊತ್ತಮ್ಮ. ಅದ್ಕೇ ನಂಗೆ ನಿದ್ದೆ ಬರಲ್ಲ."

ಹೆಂಡತಿ ಒಳಗೆ ಪಾತ್ರೆ ಸದ್ದು ಮಾಡಿದರು. ನಾವಿಬ್ಬರೂ ನಿಂತಿದ್ದೆವು. ನನ್ನ ಬಗ್ಗೆ ಯೋಚಿಸಿ ನಿದ್ದೆ ಕೆಡಿಸಿಕೊಳ್ಳುವವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ನಿದ್ದೆ ಕೆಡಿಸಿಕೊಂಡಿದ್ದು ಮಾತ್ರ ನಾನೂ ಅಮ್ಮನ ಹಾಗೆ ಹೊರಗೇ ಉಳಿದುಬಿಡುತ್ತೇನೆಂದು. ಕೃತಜ್ಞತೆಯೂ ಬಂತು, ಸಿಟ್ಟೂ ಬಂತು. ಒಂದೇ ನಿಜವನ್ನು ಹಿಡಿದವರಿಗೆ ಜಂಬ ಜಾಸ್ತಿ ಎಂದುಕೊಂಡಿದ್ದೆ. ಈ ಮನುಷ್ಯ ಹಿಡಿದ ನಿಜದಲ್ಲಿ ಅವರ ತಾಯಿಗೇ ಜಾಗವಿರಲಿಲ್ಲ. ಬಿಟ್ಟುಬಿಡಿ ಅಂದರೆ ಬಿಡಲು ಅದು ಅವರ ಕೈಯಲ್ಲಿರಲಿಲ್ಲ, ಕುಡಿತ ಬಿಡಿಸಿದ್ದು ಅದೇ. ನಾನು ಅವರಿಗೆ ಏನು ಹೇಳಬಹುದಿತ್ತು? ಎಲ್ಲ ಒಂದೇ, ನಿಮ್ಮವ್ವ ಸುಖವಾಗಿದ್ದಾಳೆ ಎನ್ನಲೇ? ನನಗೆ ಗೊತ್ತಿಲ್ಲದ್ದನ್ನು ಹೇಳಿ ಅವರನ್ನು ಸಮಾಧಾನ ಮಾಡಲು ಹೋದರೆ ಅದೂ ಒಂದು ಸುಳ್ಳೇ ಆಗುತ್ತಿತ್ತು.

"ನಿಮ್ಮ ತಾಯಿ ಹೆಸರು ಏನು?" ಎಂದು ಕೇಳಿದೆ.

ಹೇಳಿದರು. ನಾನು ಅದನ್ನು ಮನಸ್ಸಿನಲ್ಲಿ ಒಂದು ಸಲ ಹೇಳಿಕೊಂಡೆ. ಅವರ ಹೆಂಡತಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ತಟ್ಟೆ ಮುಂದಿಟ್ಟು ಇಬ್ಬರೂ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಅವರದೂ ಒಂದು ರೀತಿ ದೇವರಿಗಿಟ್ಟ ಊಟವೇ. ನಾನು ಬೇಡ ಅನ್ನಲಿಲ್ಲ. ಹಸಿವಾಗಿತ್ತು.

ಪುಸ್ತಕ ಎಂಟನೇ ಅಧ್ಯಾಯದೊಂದಿಗೇ ಅಚ್ಚಾಯಿತು. ಅವರ ಪ್ರಾರ್ಥನಾ ಮಂದಿರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಿಡುಗಡೆ, ನನ್ನನ್ನೂ ಕರೆದಿದ್ದರು. ಬಾಡಿಗೆಗೆ ಹಿಡಿದ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕೀಬೋರ್ಡು. ನಾನು ಕೊನೆಯ ಸಾಲಿನಲ್ಲಿ ಅವರ ಹೆಂಡತಿಯ ಪಕ್ಕ ಕೂತೆ. ಅವರು ಮುಂದೆ ನಿಂತು ನಾಲ್ಕು ಮಾತಾಡಿದರು, ಕಾಗುಣಿತ ಕಲಿಸಿದ ಮೇಡಂ ಎಂದು ನನ್ನನ್ನು ತೋರಿಸಿದರು. ಎಲ್ಲರೂ ತಿರುಗಿ ನೋಡಿ ಕೈಮುಗಿದರು. ಆಮೇಲೆ ಪಾಸ್ಟರು, ಕರ್ತನನ್ನು ನಂಬಿದವರೆಲ್ಲ ಎದ್ದು ನಿಂತು ಹಾಡಿರಿ ಅಂದರು.

ಎಲ್ಲರೂ ಎದ್ದರು. ನಾನು ಕೂತೇ ಇದ್ದೆ. ಮರ್ಯಾದೆಗಾದರೂ ಎದ್ದು ನಿಲ್ಲಬಹುದಿತ್ತು, ಆದರೆ ಅವರು ನನಗೆ ಸುಳ್ಳು ಹೇಳಿರಲಿಲ್ಲ. ನನ್ನ ಸುತ್ತ ಬೆನ್ನುಗಳು, ಸೀರೆಯ ಸೆರಗುಗಳು, ಮುಂದೇನೂ ಕಾಣುತ್ತಿರಲಿಲ್ಲ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಯಾವತ್ತೂ ಕೂತಿರಲಿಲ್ಲ, ನನ್ನ ಮನೆಯಲ್ಲೂ. ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ, ಹಾಡುತ್ತಲೇ, ಒಂದು ಕೈ ಇಳಿಸಿ ನನ್ನ ಭುಜದ ಮೇಲಿಟ್ಟರು. ಹಾಡು ಮುಗಿಯುವವರೆಗೂ ತೆಗೆಯಲಿಲ್ಲ. ಅದು ಬಹಳ ಉದ್ದದ ಹಾಡು.

ಈಗ ತಿದ್ದಲು ಏನೂ ಇಲ್ಲದ್ದರಿಂದ ಅವರು ವಾರವಾರ ಬರುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ, ಈ ಕಡೆ ಯಾರನ್ನಾದರೂ ನೋಡಲು ಬಂದಾಗ, ಹಣಿಕಿ ಹೋಗುತ್ತಾರೆ. ಮಂಡಿನೋವಿನ ಮಾತು, ಬಸ್ಸಿನ ಮಾತು. ಆ ಅಧ್ಯಾಯದ ವಿಷಯ ಇಬ್ಬರೂ ಎತ್ತುವುದಿಲ್ಲ. ಅಮ್ಮನ ವರ್ಷಾಬ್ದಿಕವನ್ನು ಮಾವ ಮಾಡಿದರು, ನಾನು ಬಾಗಿಲ ಪಕ್ಕದಲ್ಲೇ ಕೂತಿದ್ದೆ. ಪುರೋಹಿತರು ಅಮ್ಮನ ಹೆಸರು ಹೇಳಿಸಿದಾಗ ನಾನು ನನ್ನೊಳಗೇ ಇನ್ನೊಂದು ಹೆಸರನ್ನೂ ಸೇರಿಸಿ ಹೇಳಿಕೊಂಡೆ. ಹಾಗೆ ಸೇರಿಸಲು ನಮ್ಮ ಶಾಸ್ತ್ರದಲ್ಲೂ ಅವಕಾಶವಿಲ್ಲ ಅಂತ ಕಾಣುತ್ತದೆ. ನಾನು ಯಾರನ್ನೂ ಕೇಳಲಿಲ್ಲ.